ಒಂದಿಂಚು ಟ್ಯೂಬು ಬಗ್ಗಿಸೋಕೆ ಮನೆಗೆ ಯಾವ ಬೆಂಡರ್ ತಗೊಳ್ಳೋದು?

ಪ್ರಶ್ನೆ:
ತೋಟದ ಕುರ್ಚಿಗಳ ಫ್ರೇಮು ಮಾಡಬೇಕು. ಮಾಲು ಒಂದಿಂಚು ಹೊರವ್ಯಾಸದ (25.4 ಮಿ.ಮೀ.) ಎಂಎಸ್ (ಮೆದು ಉಕ್ಕು) ಇಆರ್‌ಡಬ್ಲ್ಯು (ಉದ್ದಕ್ಕೂ ವಿದ್ಯುತ್ ಬೆಸುಗೆ ಹಾಕಿದ) ದುಂಡು ಟ್ಯೂಬು, 16 ಗೇಜು (ಸುಮಾರು 1.6 ಮಿ.ಮೀ. ದಪ್ಪ). ಹೆಚ್ಚಿನವು 90 ಡಿಗ್ರಿ ಬಾಗು, ಬೆನ್ನಿಗೆ ಮಾತ್ರ ಅಗಲ ಕಮಾನು. ಅಂಗಡಿಯಲ್ಲಿ ಹೈಡ್ರಾಲಿಕ್ ಜಾಕ್ ಇರುವ ಪೈಪ್ ಬೆಂಡರ್ ತೋರಿಸುತ್ತಿದ್ದಾರೆ, ಅರ್ಧ ಇಂಚಿನಿಂದ ಎರಡಿಂಚಿನವರೆಗೆ ಡೈಗಳೂ (ಬಗ್ಗಿಸುವಾಗ ಟ್ಯೂಬು ಕೂರುವ ಅಚ್ಚುಗಳು) ಇವೆ. ಅದು ಸಾಕಾ?

ಉತ್ತರ 1:
ಈ ಕೆಲಸಕ್ಕೆ ಅದು ಬೇಡ ಸರ್. ಅದು ಪೈಪಿನ ಯಂತ್ರ, ನಿಮ್ಮದು ಟ್ಯೂಬು. ಪೈಪಿಗೆ ಹೇಳುವ ಇಂಚು ನಾಮಮಾತ್ರದ ಒಳಅಳತೆ, ಟ್ಯೂಬಿಗೆ ಹೇಳುವುದು ನಿಜವಾದ ಹೊರವ್ಯಾಸ. ಒಂದಿಂಚು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರವ್ಯಾಸ 33.7 ಮಿ.ಮೀ. ಆ ಡೈಯಲ್ಲಿ ನಿಮ್ಮ ಟ್ಯೂಬು 8 ಮಿ.ಮೀ. ಸಡಿಲ. ಮುಕ್ಕಾಲಿಂಚಿನ ಡೈ 26.9ಕ್ಕೆ ಇರುವುದು, ಅದರಲ್ಲೂ ಒಂದೂವರೆ ಮಿ.ಮೀ. ಸಂದು ಉಳಿಯುತ್ತದೆ. ಪಕ್ಕದಲ್ಲಿ ಆಸರೆ ಇಲ್ಲದ ಟ್ಯೂಬು ಅಡ್ಡಕ್ಕೆ ಹರಡಿ, ಚಪ್ಪಟೆಯಾಗಿ, ಒಳಮಗ್ಗುಲಲ್ಲಿ ಮಡಚಿಕೊಳ್ಳುತ್ತದೆ. ಅಂಗಡಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಒಯ್ದು ಡೈಯ ತೋಡಿನ ಅಗಲ ಅಳೆಯಿರಿ, ಮೇಲೆ ಬರೆದ ಇಂಚು ನಂಬಬೇಡಿ.

ಉತ್ತರ 2:
ನಿಮಗೆ ಬೇಕಿರುವುದು ಕೈಯಿಂದ ಎಳೆಯುವ ರೋಟರಿ ಡ್ರಾ ಬೆಂಡರ್. ಇದರಲ್ಲಿ ಟ್ಯೂಬಿನ ತುದಿಯನ್ನು ಡೈಗೆ ಕ್ಲ್ಯಾಂಪ್ ಮಾಡುತ್ತಾರೆ. ಡೈ ತಿರುಗುವಾಗ ಟ್ಯೂಬು ಅದಕ್ಕೆ ಸುತ್ತಿಕೊಳ್ಳುತ್ತದೆ, ಹಿಂದಿನಿಂದ ಫಾಲೋವರ್ ಬ್ಲಾಕ್ ಎಂಬ ಆಸರೆಯ ತುಂಡು ಒತ್ತಿ ಹಿಡಿಯುತ್ತದೆ. ಒಳಗೆ ಮ್ಯಾಂಡ್ರೆಲ್ (ಟ್ಯೂಬು ಚಪ್ಪಟೆಯಾಗದಂತೆ ಒಳಗಿಡುವ ಆಸರೆ) ಇಲ್ಲದೆ ಬಗ್ಗಿಸಲು ಮಧ್ಯರೇಖೆಯ ತ್ರಿಜ್ಯ ಹೊರವ್ಯಾಸದ ಸುಮಾರು ಮೂರು ಪಟ್ಟಾದರೂ ಇರಲಿ, ನಿಮಗೆ 75 ಮಿ.ಮೀ. ಡೈ. ಅಷ್ಟಾದರೂ ಹೊರಮಗ್ಗುಲು ಸುಮಾರು ಶೇ. 17ರಷ್ಟು ಹಿಗ್ಗಿ ತೆಳುವಾಗುತ್ತದೆ. ಇನ್ನೂ ಚಿಕ್ಕ ತ್ರಿಜ್ಯದ ಆಸೆ ಬಿಡಿ.

ಕತ್ತರಿಸುವ ಅಳತೆಯಲ್ಲೇ ಹೆಚ್ಚಿನ ಮಾಲು ಹಾಳಾಗುವುದು. 450 ಅಗಲ, 600 ಎತ್ತರದ ಯು ಆಕಾರ (ಎರಡೂ ಹೊರಅಳತೆ) ಎನ್ನಿ. 600+450+600 ಅಂತ 1650ಕ್ಕೆ ಕತ್ತರಿಸಿದರೆ 115 ಮಿ.ಮೀ. ವ್ಯರ್ಥ. ಒಂದು 90 ಡಿಗ್ರಿ ಬಾಗು ತಿನ್ನುವುದು 3.1416 × 75 ÷ 2, ಅಂದರೆ 117.8 ಮಿ.ಮೀ. ನಡುವಿನ ನೇರ ಭಾಗ 274.6, ಪ್ರತಿ ಕಾಲಿನ ನೇರ ಭಾಗ 512.3. ಒಟ್ಟು 1535. ಒಂದೇ ತುದಿಯಿಂದ ಅಳೆದು 512ಕ್ಕೂ 905ಕ್ಕೂ ಗುರುತು ಹಾಕಿ, ಬಾಗು ಶುರುವಾಗುವುದು ಅಲ್ಲಿಂದ.

ಇಆರ್‌ಡಬ್ಲ್ಯು ಬೆಸುಗೆಯ ಗೆರೆ ಬಾಗಿನ ಪಕ್ಕಕ್ಕೆ ಬರಲಿ. ಹೊರಗಡೆ ಬಂದರೆ ಸೀಳಬಹುದು, ಒಳಗಡೆ ಬಂದರೆ ಸುಕ್ಕು ಅಲ್ಲಿಂದಲೇ ಹುಟ್ಟುತ್ತದೆ. ಬಿಟ್ಟ ಕೂಡಲೇ ಟ್ಯೂಬು ಕೆಲವು ಡಿಗ್ರಿ ಹಿಂದಕ್ಕೆ ಬರುತ್ತದೆ. ಅದೇ ಲಾಟಿನ ಒಂದು ತುಂಡನ್ನು ಬಗ್ಗಿಸಿ ಎಷ್ಟು ಎಂದು ನೋಡಿ, ಅಷ್ಟು ಹೆಚ್ಚು ಎಳೆಯಿರಿ. ಎರಡನೇ ಬಾಗಿಗೆ ಮೊದಲು, ಬಗ್ಗಿದ ಕಾಲಿಗೆ ರಸಮಟ್ಟ ಇಟ್ಟು ಡೈಯ ಮಟ್ಟಕ್ಕೆ ಹೊಂದಿಸಿ, ಇಲ್ಲದಿದ್ದರೆ ಕುರ್ಚಿ ಮೂರೇ ಕಾಲಿನ ಮೇಲೆ ನಿಲ್ಲುತ್ತದೆ. ಸ್ಟ್ಯಾಂಡನ್ನು ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟಿನಿಂದ ಬಿಗಿಯಲೇಬೇಕು.

ಉತ್ತರ 3:
ಬೆನ್ನಿನ ಕಮಾನಿಗೆ ರೋಟರಿ ಬೆಂಡರ್ ಆಗದು, ಮೂರು ರೋಲರಿನದು ಬೇಕು. ಅದರ ರೋಲರುಗಳಲ್ಲಿ 25.4ರ ತೋಡು ಇರಬೇಕು, ಸಮತಟ್ಟು ರೋಲರು ಟ್ಯೂಬನ್ನು ಹಿಸುಕುತ್ತದೆ. ಪ್ರತಿ ಸುತ್ತಿಗೂ ಸ್ಕ್ರೂ ಕಾಲು ತಿರುವು ಮಾತ್ರ ಒತ್ತಿ. ತುದಿಯಲ್ಲಿ ಎರಡು ಕೆಳರೋಲರುಗಳ ನಡುವಿನ ಅರ್ಧ ದೂರದಷ್ಟು ನೇರವಾಗಿಯೇ ಉಳಿಯುತ್ತದೆ, ಅಷ್ಟು ಉದ್ದ ಹೆಚ್ಚಿಟ್ಟು ಆಮೇಲೆ ಕತ್ತರಿಸಿ. ನಾಲ್ಕೈದು ಕುರ್ಚಿಗಾದರೆ ಈ ಕೆಲಸ ಹೊರಗೆ ಕೊಡುವುದೇ ಲೇಸು.

ಟ್ಯೂಬಿಗೆ ಮರಳು ತುಂಬಿ, ತುದಿಗೆ ಬಿರಡೆ ಹಾಕಿ, ಕಾಯಿಸಿ ಬಗ್ಗಿಸುವ ಸಲಹೆಯೂ ಬರಬಹುದು. ಮರಳು ಹುರಿದು ಒಣಗಿಸಿದ್ದೇ ಆಗಬೇಕು. ತೇವವಿದ್ದರೆ ಆವಿ ಕಟ್ಟಿ ಬಿರಡೆ ಗುಂಡಿನಂತೆ ಹಾರುತ್ತದೆ. ಜಿಐ ಮಾತ್ರ ಕಾಯಿಸಲೇಬೇಡಿ, ಸತುವಿನ ಹೊಗೆಗೆ ಜ್ವರ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ರೋಟರಿಯೇ ತಗೊಳ್ತೀನಿ. ಇದೇ ಯಂತ್ರದಲ್ಲಿ ಮುಕ್ಕಾಲಿಂಚು ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್), 18 ಗೇಜು (ಸುಮಾರು 1.2 ಮಿ.ಮೀ. ದಪ್ಪ) ಟ್ಯೂಬೂ ಬಗ್ಗುತ್ತದಾ?

ಉತ್ತರ 2:
ಬಗ್ಗುತ್ತದೆ, ಅದಕ್ಕೆ ಬೇರೆ ಡೈ ಬೇಕು, ತ್ರಿಜ್ಯ 57ಕ್ಕಿಂತ ಕಡಿಮೆ ಬೇಡ. ಹೊರವ್ಯಾಸವನ್ನು ದಪ್ಪದಿಂದ ಭಾಗಿಸಿದರೆ ಎರಡು ಟ್ಯೂಬಿಗೂ ಸುಮಾರು 16 ಬರುವುದರಿಂದ ಸುಕ್ಕಿನ ಭಯ ಹೆಚ್ಚೇನಿಲ್ಲ. ಆದರೆ ಎಸ್‌ಎಸ್ ಎಂಎಸ್‌ಗಿಂತ ಜಾಸ್ತಿ ಹಿಂದಕ್ಕೆ ಬರುತ್ತದೆ, ತುಂಡು ಹಾಕಿ ಮತ್ತೆ ನೋಡಿ. ಉಕ್ಕಿನ ಫಾಲೋವರ್ ಬ್ಲಾಕ್ ಎಸ್‌ಎಸ್‌ಗೆ ಕಚ್ಚಿಕೊಂಡು ಗೀರುತ್ತದೆ, ಅಲ್ಯೂಮಿನಿಯಂ ಬ್ರಾಂಜ್ ಅಥವಾ ನೈಲಾನ್ ಬ್ಲಾಕ್ ಸಿಗುವ ಮಾಡೆಲ್ಲೇ ಆರಿಸಿ.