ಲೋವರ್ ರಿಸೀವರ್ ಕೊಳ್ಳುವ ಮುನ್ನ: ಬಂದೂಕು ರಿಪೇರಿಯವರಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಸಾರ್. ನಮ್ಮೂರು ವಿರಾಜಪೇಟೆ ಹತ್ತಿರ, ಈಗ ಇರೋದು ಟೆಕ್ಸಸ್‌ನಲ್ಲಿ. ಕೈಲ್‌ ಪೊಳ್ದ್ ದಿನ, ಅಂದರೆ ಕೊಡವರ ಆಯುಧ ಪೂಜೆಯ ದಿನ, ಕೋವಿ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸೋದನ್ನ ನೋಡ್ತಾ ಬೆಳೆದವನು ನಾನು. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಎಆರ್-15 ರೈಫಲ್ಲಿನ ಭಾಗಗಳನ್ನ ಒಂದೊಂದಾಗಿ ಕೊಂಡು ನಾನೇ ಜೋಡಿಸಬೇಕು ಅಂತ ಆಸೆ. ರೇಂಜಿನಲ್ಲಿ ಗುರಿ ಹೊಡೆಯೋಕೆ ಮಾತ್ರ. ಲೋವರ್ ರಿಸೀವರ್, ಅಂದರೆ ರೈಫಲ್ಲಿನ ಕೆಳಗಿನ ಅರ್ಧದ ಚೌಕಟ್ಟು, 60 ಡಾಲರಿಗೂ ಇದೆ, 350 ಡಾಲರಿಗೂ ಇದೆ. ಬಿಲೆಟ್ ತಗೊಳ್ಳಿ, ಗುರಿ ಚೆನ್ನಾಗಿ ಬರುತ್ತೆ ಅಂತಾರೆ ಅಂಗಡಿಯವರು. ನಿಜವೇ?

ಉತ್ತರ: ಗುರಿಗೂ ಲೋವರ್‌ಗೂ ಸಂಬಂಧ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗುಂಡು ಸಿಡಿದಾಗ ಹುಟ್ಟುವ ಒತ್ತಡವನ್ನು ತಡೆಯೋದು ಬೋಲ್ಟು, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ತುಂಡು. ಅದು ಬೀಗ ಹಾಕಿಕೊಳ್ಳೋದು ನಳಿಗೆಯ ಹಿಂತುದಿಗೆ. ಅವೆರಡೂ ಉಕ್ಕು, ಎರಡೂ ಇರೋದು ಮೇಲಿನ ಅರ್ಧದಲ್ಲಿ. ಕೆಳಗಿನ ಲೋವರ್ ಹಿಡಿದುಕೊಳ್ಳೋದು ಟ್ರಿಗರ್, ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ), ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಮತ್ತು ಭುಜಕ್ಕೆ ಆನಿಸುವ ಹಿಂದಿನ ಹಿಡಿಕೆಯನ್ನು. 1950ರ ದಶಕದ ಕೊನೆಗೆ ಯೂಜೀನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿ ಇದನ್ನು ರೂಪಿಸಿದಾಗ ಅಲ್ಯೂಮಿನಿಯಂ ಬಳಸಲು ಸಾಧ್ಯವಾಗಿದ್ದೇ ಈ ಕಾರಣಕ್ಕೆ. ಹಾಗಾಗಿ 350 ಡಾಲರ್ ಲೋವರ್‌ಗೆ ಸುರಿಯಬೇಡಿ. 100 ಡಾಲರ್ ಆಸುಪಾಸಿನದ್ದು ತಗೊಂಡು, ಉಳಿದದ್ದನ್ನು ಒಳ್ಳೆ ನಳಿಗೆಗೆ ಹಾಕಿ. ಗುರಿ ಅಲ್ಲಿಂದ ಬರುತ್ತೆ.

ಇನ್ನು ಬಿಲೆಟ್ ವಿಷಯ. ಬಿಲೆಟ್ ಅಂದರೆ ಗಟ್ಟಿ ಲೋಹದ ತುಂಡನ್ನು ಯಂತ್ರದಲ್ಲಿ ಕೊರೆದು ಮಾಡಿದ್ದು. ಫೋರ್ಜ್ಡ್ ಅಂದರೆ ಕಾಯಿಸಿ, ಅಚ್ಚಿನಲ್ಲಿ ಬಡಿದು ಆಕಾರ ತಂದು, ಆಮೇಲೆ ಕೊರೆದದ್ದು. ಕಮ್ಮಾರ ಕತ್ತಿ ಬಡಿದಾಗ ಆಗೋದೇ ಇಲ್ಲೂ ಆಗುತ್ತೆ: ಲೋಹದ ಎಳೆಗಳು ಆಕಾರವನ್ನು ಅನುಸರಿಸಿ ಬಾಗುತ್ತವೆ. ತೂಕ ಒಂದೇ ಇದ್ದರೆ ಫೋರ್ಜ್ಡ್ ಹೆಚ್ಚು ತಾಳುತ್ತೆ. ಬಿಲೆಟ್‌ನಲ್ಲಿ ಅಂಚು ಚೂಪಾಗಿರುತ್ತೆ, ನೋಡೋಕೆ ಚಂದ, ಮಾಡೋಕೆ ಯಂತ್ರದ ಸಮಯ ಜಾಸ್ತಿ. ನೀವು ಕೊಡೋ ದುಡ್ಡು ಆ ಸಮಯಕ್ಕೆ.

ಲೋಹ ಯಾವುದು ಅಂತ ಮಾತ್ರ ಕೇಳಿಯೇ ತಗೊಳ್ಳಿ. ಅಲ್ಯೂಮಿನಿಯಂ ದರ್ಜೆ 7075-ಟಿ6 ಅಂತಿರಬೇಕು. 6061-ಟಿ6ಗೆ ಹೋಲಿಸಿದರೆ ಇದರ ಬಲ ಹತ್ತಿರ ಹತ್ತಿರ ಎರಡರಷ್ಟು. ಅಗ್ಗದ ಕೆಲವು ಬಿಲೆಟ್‌ಗಳು 6061ರವು.

ಪ್ರಶ್ನೆ: ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಏನು ನೋಡಬೇಕು? ನನಗೆ ಎಲ್ಲವೂ ಒಂದೇ ಥರ ಕಪ್ಪಗೆ ಕಾಣುತ್ತೆ.

ಉತ್ತರ: ಬ್ರಾಂಡ್ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಇದು. ಕಚ್ಚಾ ಫೋರ್ಜಿಂಗ್ ಮಾಡಿಕೊಡುವ ಕಾರ್ಖಾನೆಗಳು ಕೆಲವೇ. ಹತ್ತಾರು ಕಂಪನಿಗಳು ಅವರಿಂದಲೇ ತರಿಸಿ, ರಂಧ್ರ ಕೊರೆದು, ತಮ್ಮ ಮುದ್ರೆ ಒತ್ತುತ್ತವೆ. ಹಾಗಾಗಿ ವ್ಯತ್ಯಾಸ ಇರೋದು ಕೊರೆದವನ ಕೈಯಲ್ಲಿ.

ಮೊದಲು ಟ್ರಿಗರ್ ಮತ್ತು ಹ್ಯಾಮರ್ ಪಿನ್ನಿನ ರಂಧ್ರ. ಅಳತೆ 0.154 ಇಂಚು. ಅಂಗಡಿಯವರ ಹತ್ತಿರ ಒಂದು ಪಿನ್ ಕೇಳಿ, ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಮೆತ್ತಗೆ ಒತ್ತಿದರೆ ಒಳಗೆ ಹೋಗಬೇಕು, ಲೋವರ್ ಓರೆ ಮಾಡಿದ ಮಾತ್ರಕ್ಕೆ ಜಾರಿ ಬೀಳಬಾರದು. ನನ್ನ ಮೇಜಿಗೆ ಒಮ್ಮೆ ಬಂದಿತ್ತು ಒಂದು, ನೋಡೋಕೆ ಕನ್ನಡಿ ಥರ ಬಿಲೆಟ್, ಹೆಸರು ಬೇಡ. ಹ್ಯಾಮರ್ ಪಿನ್ನಿನ ರಂಧ್ರ ಕೂದಲೆಳೆಯಷ್ಟು ದೊಡ್ಡದು. ಮೂವತ್ತು ಸುತ್ತು ಹೊಡೆಯೋಷ್ಟರಲ್ಲಿ ಪಿನ್ ಪಕ್ಕಕ್ಕೆ ತೆವಳಿ ಆಚೆ ಬಂದಿತ್ತು. ಅಲ್ಯೂಮಿನಿಯಂನಲ್ಲಿ ದೊಡ್ಡದಾದ ರಂಧ್ರಕ್ಕೆ ಸುಲಭದ ಮದ್ದಿಲ್ಲ. ಆ ಲೋವರ್ ಮೂಲೆಗೆ ಹೋಯ್ತು.

ಎರಡನೆಯದು, ಮೊಬೈಲ್ ಟಾರ್ಚ್ ಹಾಕಿ ಅದೇ ರಂಧ್ರಗಳ ಒಳಗೆ ನೋಡಿ. ಒಳಗೋಡೆಯೂ ಹೊರಮೈಯಷ್ಟೇ ಕಪ್ಪಗಿರಬೇಕು. ಬೆಳ್ಳಿ ಹೊಳಪು ಕಂಡರೆ ಹಾರ್ಡ್ ಆನೊಡೈಸ್ ಆದಮೇಲೆ ಕೊರೆದಿದ್ದಾರೆ ಅಂತ ಅರ್ಥ, ವಾಪಸ್ ಕೊಡಿ. ಆನೊಡೈಸ್ ಅಂದರೆ ಬಣ್ಣ ಅಲ್ಲ. ಲೋಹದ ಮೈಯೇ ಅಲ್ಯೂಮಿನಿಯಂ ಆಕ್ಸೈಡ್ ಆಗಿ ಮಾರ್ಪಡುತ್ತೆ. ನೀಲಮಣಿ ಆಗಿರೋದೂ ಅದರಿಂದಲೇ. ಆ ಪದರದ ಅರ್ಧ ಲೋಹದೊಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತೆ. ಅದಿಲ್ಲದ ರಂಧ್ರದಲ್ಲಿ ಉಕ್ಕಿನ ಪಿನ್ ತಿರುಗಿ ತಿರುಗಿ ಸವೆತ ಬೇಗ. ಮೇಲಿನ, ಕೆಳಗಿನ ಭಾಗದ ಕಪ್ಪು ಸ್ವಲ್ಪ ಬೇರೆ ಬೇರೆ ಛಾಯೆ ಇದ್ದರೆ ಚಿಂತೆ ಬೇಡ.

ಖಾಲಿ ಮ್ಯಾಗಜಿನ್ ಒಳಗಿಟ್ಟು ಬಿಡಿ, ತನ್ನ ತೂಕಕ್ಕೇ ಜಾರಿ ಕೆಳಗೆ ಬರಬೇಕು. ಬಫರ್ ಟ್ಯೂಬ್, ಅಂದರೆ ಹಿಡಿಕೆಯೊಳಗಿನ ಕೊಳವೆ, ತಿರುಗಿಸಿ ಕೂರಿಸುವ ಹಿಂದಿನ ಉಂಗುರದ ಮರೆಯಲ್ಲಿ (ತಿರುಪಿನ ಗೆರೆಗಳಲ್ಲಿ) ಚಕ್ಕೆ ಎದ್ದಿರಬಾರದು. ಬಫರ್ ಟ್ಯೂಬಿನಲ್ಲಿ ಮಿಲ್-ಸ್ಪೆಕ್ (ಸೇನೆಯ ಅಳತೆ), ಕಮರ್ಷಿಯಲ್ ಅಂತ ಎರಡು ಜಾತಿ ಇದೆ, ಆದರೆ ಲೋವರ್ ಕಡೆಯ ಮರೆ ಎರಡಕ್ಕೂ ಒಂದೇ. ಟ್ಯೂಬಿನ ಹೊರ ವ್ಯಾಸ 1.148 ಇಂಚೋ 1.168 ಇಂಚೋ ಅಂತ ನೋಡಬೇಕಾದ್ದು ಹಿಡಿಕೆ ಕೊಳ್ಳುವಾಗ.

ಮೇಲಿನ ಭಾಗ ಸ್ವಲ್ಪ ಅಲುಗಾಡುತ್ತೆ ಅಂತ ಎಷ್ಟೋ ಜನ ರಾತ್ರಿ ಫೋನ್ ಮಾಡ್ತಾರೆ. ಅದು ದೋಷ ಅಲ್ಲ, ಗುರಿ ಕೆಡಿಸಲ್ಲ.

ಪ್ರಶ್ನೆ (ಇನ್ನೊಬ್ಬರು): ಪ್ಲಾಸ್ಟಿಕ್ ಲೋವರ್ ಹಗುರ, ಅಗ್ಗ. ತಗೋಬಹುದಾ?

ಉತ್ತರ: ಮೊದಲ ರೈಫಲ್‌ಗೆ ಬೇಡ. ನನ್ನ ಹತ್ತಿರ ಬಂದವು ಬಿರುಕು ಬಿಟ್ಟಿದ್ದು ಒಂದೇ ಜಾಗದಲ್ಲಿ, ಬಫರ್ ಟ್ಯೂಬ್ ಕೂರುವ ಹಿಂದಿನ ಉಂಗುರದ ಬುಡದಲ್ಲಿ. ಒಮ್ಮೆ ಜಾರಿ ಹಿಡಿಕೆಯ ಮೇಲೆ ಬಿದ್ದರೆ ಸಾಕು.

ಪ್ರಶ್ನೆ (ಇನ್ನೊಬ್ಬರು): ನಾನು ಎಚ್-1ಬಿ. ಗ್ರೀನ್ ಕಾರ್ಡ್ ಇರೋ ಗೆಳೆಯ ತಂದುಕೊಟ್ಟರೆ ಆಯ್ತಲ್ಲ?

ಉತ್ತರ: ಖಂಡಿತ ಆಗಲ್ಲ. ದಯವಿಟ್ಟು ಇದನ್ನು ಎಲ್ಲರೂ ಓದಿ.

ಅಮೆರಿಕದ ಕಾನೂನಿನಲ್ಲಿ ಎಆರ್-15ರ ಲೋವರ್ ರಿಸೀವರ್ರೇ ಬಂದೂಕು. ಸೀರಿಯಲ್ ನಂಬರ್ ಇರೋದು ಅದರ ಮೇಲೆ. ನಳಿಗೆ, ಟ್ರಿಗರ್ ಎಲ್ಲ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಬಿಡಿಭಾಗ. ಆದ್ದರಿಂದ ಖಾಲಿ ಲೋವರ್ ಕೊಳ್ಳೋಕೂ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ, ಫಾರ್ಮ್ 4473 ತುಂಬಿ, ಹಿನ್ನೆಲೆ ಪರೀಕ್ಷೆ ಆಗಬೇಕು. ಪೂರ್ತಿ ರೈಫಲ್‌ಗೆ ಕೇಂದ್ರ ಕಾನೂನಿನಲ್ಲಿ 18 ವರ್ಷ ಸಾಕು, ಬರೀ ಲೋವರ್‌ಗೆ 21 ಆಗಿರಬೇಕು.

ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿ ಬಂದವರಿಗೆ ಕೊಳ್ಳೋದು ಮಾತ್ರ ಅಲ್ಲ, ಇಟ್ಟುಕೊಳ್ಳೋದೂ ನಿಷೇಧ. ರೇಂಜಿನಲ್ಲಿ ಬಾಡಿಗೆ ಗನ್ ಹಿಡಿಯೋದೂ ಅದರಲ್ಲೇ ಬರುತ್ತೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ. ಆದರೆ ಆ ದಾರಿ ಹಿಡಿಯುವ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಇನ್ನು ನಿಮಗಾಗಿ ಗೆಳೆಯ ಕೊಂಡು ತಂದರೆ ಅದಕ್ಕೆ ಸ್ಟ್ರಾ ಪರ್ಚೇಸ್ ಅಂತಾರೆ. 2022ರ ಕಾಯ್ದೆಯ ಪ್ರಕಾರ 15 ವರ್ಷದವರೆಗೆ ಜೈಲು. ಅವರ ಗ್ರೀನ್ ಕಾರ್ಡೂ ಹೋಗುತ್ತೆ, ನಿಮ್ಮ ವೀಸಾನೂ ಹೋಗುತ್ತೆ.

ಮನೆಯಲ್ಲಿ ಹೆಂಡತಿಯೋ ಗಂಡನೋ ಇನ್ನೂ ಎಚ್-4ನಲ್ಲಿ (ಅವಲಂಬಿತರ ವೀಸಾ) ಇದ್ದರೆ ಬಂದೂಕಿನ ಪೆಟ್ಟಿಗೆಯ ಬೀಗದ ನಂಬರ್ ನಿಮ್ಮೊಬ್ಬರಿಗೇ ಗೊತ್ತಿರಲಿ. ಮಕ್ಕಳಿರುವ ಮನೆಯಲ್ಲಂತೂ ಗುಂಡು ಬೇರೆ ಪೆಟ್ಟಿಗೆಯಲ್ಲಿ.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯದವರು ಟೆಕ್ಸಸ್‌ನ ಈ ಉತ್ತರ ನೋಡಿ ಏನೂ ಕೊಳ್ಳಬೇಡಿ. ಅಲ್ಲಿನ ಕಾನೂನು ಬಹಳ ಬಿಗಿ. ನಳಿಗೆ 16 ಇಂಚಿಗಿಂತ ಗಿಡ್ಡ ಇರೋದನ್ನು ರೈಫಲ್‌ಗೆ ಜೋಡಿಸಬೇಡಿ, ಅದಕ್ಕೆ 1934ರ ಕಾಯ್ದೆಯಡಿ ಮೊದಲೇ ನೋಂದಣಿ ಆಗಬೇಕು.

ಪ್ರಶ್ನೆ (ಮೊದಲು ಕೇಳಿದವರು): ಮುಂದೆ ಊರಿಗೆ ಹೋಗುವಾಗ ತಗೊಂಡು ಹೋಗಬಹುದಾ? ಕೊಡವರಿಗೆ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ.

ಉತ್ತರ: ಆ ವಿನಾಯಿತಿ 2029ರವರೆಗೆ ಇದೆ, ಆದರೆ ಅದು ವಿಮಾನದಲ್ಲಿ ಬಂದೂಕು ಹೊತ್ತು ತರೋಕೆ ಕೊಟ್ಟ ಅನುಮತಿ ಅಲ್ಲ. ಭಾರತದ 1959ರ ಆರ್ಮ್ಸ್ ಆಕ್ಟ್‌ನಲ್ಲಿ ಬಿಡಿಭಾಗವೂ ಆಯುಧವೇ. ಅಮೆರಿಕದ ಕಡೆಯ ರಫ್ತು ನಿಯಮಗಳೂ ಇವೆ. ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಬ್ಯಾಗನ್ನು ಬಟ್ಟೆಗೆ ಬಳಸಲೇಬೇಡಿ. ಹೊಲಿಗೆ ಸಂದಿಯಲ್ಲಿ ಉಳಿದ ಒಂದೇ ಒಂದು ತೋಟಾ ಸಾಕು, ವಿಮಾನ ನಿಲ್ದಾಣದಲ್ಲಿ ಕೇಸ್ ಆಗುತ್ತೆ.

ಪ್ರಶ್ನೆ (ಅವರೇ, ಎರಡು ವಾರದ ನಂತರ): ಸಾರ್, ಫೋರ್ಜ್ಡ್ 7075 ತಗೊಂಡೆ, 95 ಡಾಲರ್. ಪಿನ್ ನೀವು ಹೇಳಿದ ಹಾಗೇ ಕೂರುತ್ತೆ. ಇವತ್ತು ಟ್ರಿಗರ್ ಗಾರ್ಡ್ ಹಾಕಬೇಕು. ಏನಾದರೂ ಎಚ್ಚರಿಕೆ?

ಉತ್ತರ: ಒಳ್ಳೇದಾಯ್ತು ಕೇಳಿದ್ದು. ಹೊಸಬರು ಲೋವರ್ ಮುರಿಯೋದು ಇಲ್ಲೇ. ಗಾರ್ಡಿನ ಹಿಂತುದಿ ಕೂರುವ ಜಾಗದಲ್ಲಿ ಲೋವರ್‌ಗೇ ಎರಡು ಸಣ್ಣ ಕಿವಿ ಇವೆ ನೋಡಿ, ಅವುಗಳ ಮೂಲಕ ರೋಲ್ ಪಿನ್ (ಸುರುಳಿ ಸುತ್ತಿದ ಟೊಳ್ಳು ಪಿನ್) ಹೋಗಬೇಕು. ಕೆಳಗಡೆಯ ಕಿವಿಗೆ ಆಸರೆ ಇಲ್ಲದೆ ಮೇಲಿಂದ ಸುತ್ತಿಗೆಯಲ್ಲಿ ಬಡಿದರೆ ಕಿವಿ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಕಿವಿಯ ಕೆಳಗೆ ಮರದ ತುಂಡು ಒತ್ತರಿಸಿ ಇಡಿ. ಆಗದಿದ್ದರೆ ಇಕ್ಕಳಕ್ಕೆ ಬಟ್ಟೆ ಸುತ್ತಿ ಪಿನ್ನನ್ನು ಒತ್ತಿ ಕೂರಿಸಿ. ಬಡಿಯೋದಕ್ಕಿಂತ ಅದೇ ಮೇಲು.

ಹ್ಯಾಮರ್ ಸ್ಪ್ರಿಂಗಿನ ಎರಡು ಕಾಲೂ ಟ್ರಿಗರ್ ಪಿನ್ನಿನ ಮೇಲೆ ಕೂತಿರಬೇಕು. ಎಲ್ಲ ಆದಮೇಲೆ, ಮೇಲಿನ ಭಾಗ ಜೋಡಿಸದೆ, ಗುಂಡು ಹತ್ತಿರವೂ ಇಲ್ಲದೆ ಪರೀಕ್ಷೆ ಮಾಡಿ. ಸೇಫ್ಟಿ ಸನ್ನೆಯನ್ನು ಸೇಫ್ ಗುರುತಿಗೆ ಇಟ್ಟು ಟ್ರಿಗರ್ ಎಳೆದರೆ ಹ್ಯಾಮರ್ ಬಿಡಬಾರದು. ಫೈರ್‌ನಲ್ಲಿ ಎಳೆದಾಗ ಬಿಡಬೇಕು. ಎಳೆದು ಹಿಡಿದಂತೆಯೇ ಹ್ಯಾಮರನ್ನು ಹಿಂದಕ್ಕೆ ತಳ್ಳಿದರೆ ಹಿಡಿದು ನಿಲ್ಲಬೇಕು, ಟ್ರಿಗರ್ ಬಿಟ್ಟಾಗಲೂ ನಿಂತೇ ಇರಬೇಕು. ಒಂದು ಸಲ ತಪ್ಪಿದರೂ ಅಲ್ಲಿಗೇ ನಿಲ್ಲಿಸಿ ನನ್ನ ಹತ್ತಿರ ತನ್ನಿ. ಹ್ಯಾಮರ್ ಬಿಡುವಾಗ ಪ್ರತಿ ಸಲವೂ ಹೆಬ್ಬೆರಳಿನಿಂದ ತಡೆದು ಮೆಲ್ಲಗೆ ಇಳಿಸಿ. ಖಾಲಿ ಲೋವರ್‌ನ ಮುಂಗೋಡೆಗೆ ಅದು ಹೊಡೆದರೆ ಹೊಸ ಅಲ್ಯೂಮಿನಿಯಂ ಮೇಲೆ ಗಾಯ ಉಳಿಯುತ್ತೆ.