'ವಾಕ್-ಆಫ್ ಹಿಟ್'ಗೆ ಕನ್ನಡದಲ್ಲಿ ಏನು ಅನ್ನೋಣ? ನಾಳೆ ಬೆಳಿಗ್ಗೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಾಳೆ ಹತ್ತು ಗಂಟೆಗೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು. ಒಂದೇ ಒಂದು ಪದ ಸಿಗದೆ ಕೂತಿದ್ದೇನೆ. ಜಪಾನ್ ಬೇಸ್‌ಬಾಲ್ ತಂಡ ಬೇರೆ ದೇಶಗಳ ಜೊತೆ ಆಡಿದ ಕಥೆಯನ್ನು ಶಾಲೆ ಮಕ್ಕಳಿಗಾಗಿ ಆರು ಫಲಕಗಳಲ್ಲಿ ಹೇಳಬೇಕು, ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಐದು ಮುಗಿದಿವೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಬರೀ ಪ್ರದರ್ಶನದ ಆಟವಾಗಿದ್ದಾಗ ಅಮೆರಿಕಾವನ್ನು ಅವರ ನೆಲದಲ್ಲೇ 6-3ರಿಂದ ಸೋಲಿಸಿದ್ದು, 1992ರ ಕಂಚು, 1996ರಲ್ಲಿ ಕ್ಯೂಬಾ ಎದುರು 13-9ರಿಂದ ಸೋತು ಬೆಳ್ಳಿಗೆ ನಿಂತದ್ದು, 2006 ಮತ್ತು 2009ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಗೆಲುವು, 2021ರಲ್ಲಿ ಯೊಕೊಹಾಮಾದಲ್ಲಿ ಬಂದ ಒಲಿಂಪಿಕ್ ಚಿನ್ನ. ಎಲ್ಲಾ ಸಲೀಸಾಗಿ ಬಂತು.

ಆರನೆಯದು 2023ರ ಕ್ಲಾಸಿಕ್‌ನದ್ದು. ಮಯಾಮಿಯಲ್ಲಿ ಮೆಕ್ಸಿಕೊ ಜೊತೆ ಸೆಮಿಫೈನಲ್. ಒಂಬತ್ತನೇ ಇನಿಂಗ್, ಜಪಾನ್ 4-5ರಿಂದ ಹಿಂದೆ. ಮೊದಲು ಬಂದ ಒಟಾನಿ ಚೆಂಡನ್ನು ಬಾರಿಸಿ, ಓಡುತ್ತಲೇ ಹೆಲ್ಮೆಟ್ ಕಿತ್ತೆಸೆದು, ಎರಡನೇ ಬೇಸ್ ಮೇಲೆ ನಿಂತು ತನ್ನವರ ಕಡೆ ಕೈ ಬೀಸಿ ಕೂಗುತ್ತಾರೆ. ಆಮೇಲೆ ಯೋಶಿದಾಗೆ ವಾಕ್ (ನಾಲ್ಕು ತಪ್ಪು ಎಸೆತ ಬಂದರೆ ಸಿಗುವ ಪುಕ್ಕಟೆ ಮೊದಲ ಬೇಸ್) ಸಿಗುತ್ತದೆ, ಅವರ ಬದಲು ಓಡೋಕೆ ಶುಟೊ ಬರುತ್ತಾರೆ. ಅವತ್ತು ಅಲ್ಲಿವರೆಗೆ ಒಂದೂ ಹಿಟ್ ಸಿಗದೆ ಒದ್ದಾಡಿದ್ದ ಮುರಕಾಮಿ ಹೊಡೆದ ಚೆಂಡು ಹಿಂದಿನ ಗೋಡೆಗೆ ಬಡಿಯುತ್ತದೆ. ಒಟಾನಿ ಮನೆ (ರನ್ ಕೊಡುವ ಹೋಮ್ ಬೇಸ್) ಮುಟ್ಟುತ್ತಾರೆ, ಅವರ ಬೆನ್ನಿಗೇ ಶುಟೊ. 6-5. ಆಟ ಅಲ್ಲಿಗೇ ಮುಗೀತು.

ಇದಕ್ಕೆ ಇಂಗ್ಲಿಷಿನಲ್ಲಿ 'ವಾಕ್-ಆಫ್ ಡಬಲ್' ಅಂತಿದೆ. ಎರಡನೆಯದಾಗಿ ಬ್ಯಾಟ್ ಮಾಡುವ ತಂಡವನ್ನು ಕೊನೆಯಲ್ಲಿ ಮುಂದೆ ತಂದು ಅಲ್ಲಿಗೇ ಆಟ ಮುಗಿಸುವ ಹೊಡೆತ ವಾಕ್-ಆಫ್, ಹೊಡೆದವರು ಎರಡನೇ ಬೇಸ್ ಮುಟ್ಟಿದರೆ ಡಬಲ್. ನಾನು 'ಗೆಲುವಿನ ಹೊಡೆತ' ಅಂತ ಹಾಕಿದ್ದೆ. ಆದರೆ 2009ರ ಫೈನಲ್‌ನಲ್ಲಿ ಕೊರಿಯಾ ಮೇಲೆ ಇಚಿರೊ ಹತ್ತನೇ ಇನಿಂಗ್‌ನಲ್ಲಿ ಹೊಡೆದದ್ದಕ್ಕೂ ಅದನ್ನೇ ಬರೆದಿದ್ದೇನೆ. ಅದು ವಾಕ್-ಆಫ್ ಅಲ್ಲ. ಅವತ್ತು ಜಪಾನ್ ಮೊದಲು ಬ್ಯಾಟ್ ಮಾಡುವ ತಂಡ, ಇಚಿರೊ ಹೊಡೆದ ಮೇಲೂ ಕೊರಿಯಾಕ್ಕೆ ಒಂದು ಸರದಿ ಬಾಕಿ ಇತ್ತು. ಎರಡಕ್ಕೂ ಒಂದೇ ಪದ ಹಾಕಿದರೆ ಮಕ್ಕಳಿಗೆ ಆಟವೇ ತಪ್ಪಾಗಿ ತಿಳಿಯುತ್ತೆ, ಅಲ್ವಾ?

ಪಿಚರ್, ಇನಿಂಗ್ ಇವಕ್ಕೆ ಪದ ಕೇಳುತ್ತಿಲ್ಲ. ಇದೊಂದೇ.

— ಬೆಂಗಳೂರು

* * *

ಮುಗಿಯೇಟು. ಸುಡುಗಾಡು, ಕುಡಿನೀರು, ಹುರಿಗಡಲೆ ಇದ್ದ ಹಾಗೆ. ಬೇರೆ ಮಾತಿಲ್ಲ.

ಬೇಸ್‌ಬಾಲ್ ಅನ್ನುವುದನ್ನು ಹಾಗೇ ಬಿಟ್ಟು ವಾಕ್-ಆಫ್‌ಗೆ ಪದ ಹುಡುಕುವುದು ಏಕೆ ಅಂತ ತಿಳಿಯಲಿಲ್ಲ. ನೆಲೆಚೆಂಡು ಅನ್ನಿ. 'ಚೆಂಡು' ನಮ್ಮದೇ ಪದ, ತಮಿಳು, ತೆಲುಗು, ತುಳುವಿನಲ್ಲೂ ಇದೆ. ಚೆಂಡುಹೂವನ್ನು ಯಾರಿಂದಲೂ ಸಾಲ ತಂದಿಲ್ಲ.

— ಮೈಸೂರು

* * *

> ಮುಗಿಯೇಟು. ಬೇರೆ ಮಾತಿಲ್ಲ.

ಇದೆ. ಕುಡಿನೀರು ಅಂದರೆ ಕುಡಿಯುವ ನೀರು. ಮುಗಿಯೇಟು ಅಂದರೆ ಮುಗಿಯುವ ಏಟು ಆಗುತ್ತದೆ. ಮುಗಿಯುತ್ತಿರುವುದು ಏಟಲ್ಲ, ಆಟ. 'ಮುಗಿಸು' ಬೇಕಾದ ಕಡೆ 'ಮುಗಿ' ಹಾಕಿದರೆ ನಡೆಯಲ್ಲ. ಅದೂ ಅಲ್ಲದೆ ಏಟು ಅಂದರೆ ನಮ್ಮ ಕಡೆ ಮಕ್ಕಳು ಮೇಷ್ಟ್ರ ಕೈಲಿ ತಿನ್ನುವುದು.

ನಮ್ಮಲ್ಲೇ ಸೊಗಸಾದ ಮಾತಿದೆ. ರಾತ್ರಿಯಿಡೀ ಯಕ್ಷಗಾನ ನಡೆದು ಬೆಳಗಿನ ಜಾವ ಮಂಗಳ ಹಾಡಿದರೆ ಆಟ ಮುಗಿದಂತೆ, ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ. ಅಲ್ಲೂ ಅದನ್ನು 'ಆಟ' ಅಂತಲೇ ಕರೆಯುವುದು. 'ಮಂಗಳದ ಹೊಡೆತ' ಅನ್ನಿ.

ಇನ್ನು ಚೆಂಡುಹೂ. ಹಿಂದಿಯಲ್ಲಿ ಚೆಂಡು ಗೇಂದ್, ಹೂವು ಗೇಂದಾ. ಹೋಲಿಕೆ ಅಲ್ಲೂ ಹಾಗೇ ಇದೆ. ಇದರಿಂದ ಏನನ್ನೂ ಸಾಧಿಸಿದ ಹಾಗಾಗಲಿಲ್ಲ.

— ಉಡುಪಿ

* * *

ಮಂಗಳ ಸಂಸ್ಕೃತ. ಬೇಡ.

'ಮುಗಿ' ಬಗ್ಗೆ ಉಡುಪಿಯವರು ಅವಸರ ಮಾಡಿದ್ದಾರೆ. ಮುಗಿ ಅಂದರೆ ಬರೀ ಕೊನೆಯಾಗು ಅಂತಲ್ಲ, ಮುಚ್ಚಿಕೊಳ್ಳು, ಮಡಚಿಕೊಳ್ಳು ಅಂತಲೂ ಇದೆ. ಹಳಗನ್ನಡದಲ್ಲಿ ತಾವರೆ ಮುಗಿಯುತ್ತದೆ. ಕೈ ಮುಗಿಯುತ್ತೇವಲ್ಲ, ಅಲ್ಲಿ 'ಕೈ'ಗೆ ನೇರವಾಗಿ ಹತ್ತುವುದು ಇದೇ ಮುಗಿ. 'ಮುಗಿಸು' ಬೇಕಾಗಿಲ್ಲ. ಹೊರಡುವಾಗ ಕೈ ಮುಗಿಯುತ್ತೇವೆ. ಇದಕ್ಕಿಂತ ಒಪ್ಪುವ ಪದ ಸಿಗುವುದಿಲ್ಲ.

— ಮೈಸೂರು

* * *

ಇಬ್ಬರಿಗೂ ಥ್ಯಾಂಕ್ಸ್. 'ಮಂಗಳದ ಹೊಡೆತ' ಓದಿ ಒಂದು ಕ್ಷಣ ಖುಷಿಯಾಯಿತು. ಆದರೆ ನಾಲ್ಕನೇ ಫಲಕ ನೋಡಿ. 2006ರಲ್ಲಿ ಜಪಾನ್ ಇಂಥ ಹೊಡೆತಕ್ಕೆ ಸೋತಿದೆ ಕೂಡ. ಅಮೆರಿಕಾ ಜೊತೆ 3-3 ಇದ್ದಾಗ ಒಂಬತ್ತನೇ ಇನಿಂಗ್‌ನಲ್ಲಿ ಅಲೆಕ್ಸ್ ರೊಡ್ರಿಗೆಜ್ ಹೊಡೆದು 4-3 ಮಾಡಿದರು. ಅದೇ ಪಂದ್ಯದಲ್ಲಿ ಜಪಾನಿನ ಒಂದು ರನ್ ಅನ್ನು ಅಂಪೈರ್ ರದ್ದು ಮಾಡಿ ದೊಡ್ಡ ಗಲಾಟೆಯಾಗಿತ್ತು. ಮನೆಗೆ ಹೋಗಬೇಕಾಗಿದ್ದ ತಂಡ, ಮೆಕ್ಸಿಕೊ ಅಮೆರಿಕಾವನ್ನು 2-1ರಿಂದ ಸೋಲಿಸಿದ್ದರಿಂದ ಉಳಿದುಕೊಂಡು, ಕೊರಿಯಾವನ್ನೂ ಕ್ಯೂಬಾವನ್ನೂ ಸೋಲಿಸಿ ಕಪ್ ಎತ್ತಿತು. ಆ ಸೋಲನ್ನು ಹೇಳುವಾಗ 'ಮಂಗಳ' ಹೇಗೆ ಹಾಕಲಿ? ಗೆದ್ದವರಿಗೂ ಸೋತವರಿಗೂ ಒಪ್ಪುವ ಪದ ಬೇಕು.

'ಎದ್ದುಹೋಗುವ ಹೊಡೆತ' ಅಂತ ಇನ್ನೊಬ್ಬರು ಫೋನಿನಲ್ಲಿ ಹೇಳಿದರು. ಆಟಗಾರರು ಕೋಪ ಮಾಡಿಕೊಂಡು ಮೈದಾನ ಬಿಟ್ಟ ಹಾಗೆ ಕೇಳಿಸುತ್ತದೆ.

— ಬೆಂಗಳೂರು

* * *

ನಾನು ಹನ್ನೊಂದು ವರ್ಷದಿಂದ ಟೋಕಿಯೊದಲ್ಲಿದ್ದೇನೆ, ಈ ಚರ್ಚೆ ಓದಿ ಸುಮ್ನೆ ಇರೋಕಾಗಲಿಲ್ಲ. ಜಪಾನಿನ ತಂಡದ ಬಗ್ಗೆ ಬರೆಯುತ್ತಾ ಅಮೆರಿಕಾದವರ ಪದವನ್ನೇ ಏಕೆ ಅನುವಾದ ಮಾಡುತ್ತಿದ್ದೀರಿ? ಇಲ್ಲಿ ಯಾರೂ ವಾಕ್-ಆಫ್ ಅನ್ನುವುದಿಲ್ಲ. 'ಸಯೊನಾರ' ಅನ್ನುತ್ತಾರೆ. ಸಯೊನಾರ ಹಿಟ್, ಸಯೊನಾರ ಹೋಮ್ ರನ್. ಗೆದ್ದರೆ ಸಯೊನಾರ ಗೆಲುವು, ಸೋತರೆ ಸಯೊನಾರ ಸೋಲು. ಎದುರಾಳಿ ಚೆಂಡು ಕೈಬಿಟ್ಟು ಆಟ ಮುಗಿದರೆ ಅದು ಸಯೊನಾರ ಎರರ್. ನಿಮಗೆ ಬೇಕಾದ ಎರಡೂ ಕಡೆಯ ಪದ ಇದೇ.

ಮುರಕಾಮಿ ಹೊಡೆದಾಗ ಇಲ್ಲಿ ಮಂಗಳವಾರ ಬೆಳಿಗ್ಗೆ, ರಜಾ ದಿನ. ನಮ್ಮ ಮನೆ ಗೋಡೆಗಳು ತೆಳು. ಟಿವಿಯಲ್ಲಿ 'ಸಯೊನಾರ' ಅಂತ ಕಿರುಚಿದ್ದು, ಪಕ್ಕದ ಮನೆಯ ಅಜ್ಜ ಅದನ್ನೇ ಕಿರುಚಿದ್ದು ಎರಡೂ ಒಟ್ಟಿಗೆ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಬಾಲ್ಕನಿಗೆ ಬಂದರು. ಕಣ್ಣು ಕೆಂಪಾಗಿತ್ತು. ಏನೂ ಮಾತಾಡದೆ ನನ್ನ ಕಡೆ ತಲೆ ಬಾಗಿಸಿ ಒಳಗೆ ಹೋದರು. ಮಾರನೇ ದಿನದ ಫೈನಲ್‌ನಲ್ಲಿ ಒಟಾನಿ ಮೈಕ್ ಟ್ರೌಟ್‌ನನ್ನು ಔಟ್ ಮಾಡಿ ಅಮೆರಿಕಾವನ್ನು 3-2ರಿಂದ ಸೋಲಿಸಿದ್ದನ್ನು ಜಗತ್ತೆಲ್ಲಾ ನೆನಪಿಟ್ಟಿದೆ. ನನ್ನ ಕಿವಿಯಲ್ಲಿ ಉಳಿದಿರುವುದು ಆ ಸಯೊನಾರ.

ಈಗ ಪದದ ವಿಷಯ. ಸಯೊನಾರ ಅಂದರೆ 'ವಿದಾಯ' ಅಂತ ಯಾರಾದರೂ ಹೇಳುವ ಮುಂಚೆ ಹೇಳಿಬಿಡುತ್ತೇನೆ, ಬೇಡ. ನಮ್ಮ ಕ್ರೀಡಾಪುಟಗಳಲ್ಲಿ ವಿದಾಯದ ಪಂದ್ಯ ಅಂದರೆ ನಿವೃತ್ತಿಯ ಪಂದ್ಯ. 'ಮುರಕಾಮಿಯ ವಿದಾಯದ ಹೊಡೆತ' ಅಂದರೆ ಇಪ್ಪತ್ಮೂರು ವಯಸ್ಸಿನ ಹುಡುಗನನ್ನು ನಿವೃತ್ತಿ ಮಾಡಿಸಿದ ಹಾಗಾಗುತ್ತದೆ. ಸಯೊನಾರ ಬಂದದ್ದು 'ಸಯೋ ನರಾಬ' ಅನ್ನುವುದರಿಂದ. ಅದರ ಅರ್ಥ 'ಹಾಗಿದ್ದರೆ'. ನಾವು ಯಾರದೋ ಮನೆಯಿಂದ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ ಏನನ್ನುತ್ತೇವೆ? 'ಸರಿ ಹಾಗಾದ್ರೆ, ಬರ್ತೀವಿ.' ಅದೇ ಹಾಗಾದ್ರೆ! ಎರಡು ಭಾಷೆ, ಸಂಬಂಧವೇ ಇಲ್ಲ, ಹೊರಡುವ ಹೊತ್ತಿಗೆ ಇಬ್ಬರ ಬಾಯಲ್ಲೂ ಬರುವುದು ಒಂದೇ ಮಾತು. ನಾನಾಗಿದ್ದರೆ ಫಲಕದಲ್ಲಿ 'ಸಯೊನಾರ ಹೊಡೆತ' ಅಂತಲೇ ಹಾಕುತ್ತಿದ್ದೆ.

— ಟೋಕಿಯೊ

* * *

ಇಂಗ್ಲಿಷ್ ಬೇಡ, ಜಪಾನಿ ತನ್ನಿ ಅಂತ! ಸಾಲ ಕೊಟ್ಟವರು ಬದಲಾದರೆ ಸಾಲ ತೀರಿತೆ?

ಜಪಾನಿನವರು ಏನು ಮಾಡಿದರು ನೋಡಿ. 1872ರಲ್ಲಿ ಹೊರೇಸ್ ವಿಲ್ಸನ್ ಅನ್ನುವ ಅಮೆರಿಕಾದ ಮೇಷ್ಟ್ರು ಆಟ ಕಲಿಸಿದರು. 1894ರಲ್ಲಿ ಚೂಮಾನ್ ಕನಾಎ ಅದಕ್ಕೆ 'ಯಾಕ್ಯೂ' ಅಂತ ಹೆಸರು ಕಟ್ಟಿದರು. ಯಾ ಅಂದರೆ ಬಯಲು, ಕ್ಯೂ ಅಂದರೆ ಚೆಂಡು. ಇವತ್ತಿಗೂ ಅವರಿಗೆ ಆಟ ಯಾಕ್ಯೂ, ಬೇಸ್‌ಬಾಲ್ ಅಲ್ಲ. ಹೈಕು ಕವಿ ಮಸಾಓಕ ಶಿಕಿ ಕ್ಷಯದಿಂದ ಹಾಸಿಗೆ ಹಿಡಿದವರು, 1902ರಲ್ಲಿ ತೀರಿಕೊಂಡರು. ದಾಂಡಿಗ, ಓಟಗಾರ ಇವಕ್ಕೆಲ್ಲಾ ತಮ್ಮ ಪದ ಕೊಟ್ಟವರು ಅವರು. ಅದಕ್ಕೇ 2002ರಲ್ಲಿ ಕವಿಯೊಬ್ಬರನ್ನು ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅವರು ಕಟ್ಟಬಹುದು, ನಾವು ಕಟ್ಟಬಾರದೆ?

— ಮೈಸೂರು

* * *

ಅರ್ಧ ಕಥೆ ಹೇಳಿದ್ದೀರಿ ಸರ್. ಯಾಕ್ಯೂ ಅನ್ನುವ ಎರಡೂ ತುಂಡು ಚೀನಾದಿಂದ ಬಂದವು. ನೀವು 'ಮಂಗಳ' ಬೇಡ ಅಂದ ಲೆಕ್ಕದಲ್ಲಿ ಅವರ ಯಾಕ್ಯೂ ಕೂಡ ಬೇಡ. ನೀವು ಈಗಷ್ಟೇ ಬರೆದ 'ದಾಂಡಿಗ' ಕೂಡ ಬೇಡ, ಅದು ಸಂಸ್ಕೃತದ ದಂಡದಿಂದ ಬಂತು.

ಉಳಿದರ್ಧ ಕೇಳಿ. ಯುದ್ಧದ ಹೊತ್ತಿಗೆ ಇಂಗ್ಲಿಷ್ ಶತ್ರುವಿನ ಭಾಷೆ ಅಂತಾಗಿ 1943ರಲ್ಲಿ ಮೈದಾನದಿಂದ ತೆಗೆದುಹಾಕಿದರು. ಸ್ಟ್ರೈಕ್‌ಗೆ 'ಯೋಶಿ', ಅಂದರೆ ಸರಿ. ಬಾಲ್‌ಗೆ, ಅಂದರೆ ತಪ್ಪು ಎಸೆತಕ್ಕೆ, 'ದಾಮೆ', ಅಂದರೆ ಆಗಲ್ಲ. ಯುದ್ಧ ಮುಗಿಯಿತು, ಅವರ ಬಾಯಲ್ಲಿ 'ಸುಟೊರಾಯ್ಕು' ಆಗಿದ್ದ ಸ್ಟ್ರೈಕ್ ವಾಪಸ್ ಬಂತು. ಶಿಕಿ ಆಟದ ಮೇಲಿನ ಪ್ರೀತಿಗೆ ಕಟ್ಟಿದ ಪದ ಉಳಿದವು, ಹುಕುಂ ಕೊಟ್ಟು ಹೇರಿದವು ಹೋದವು. ಜೊತೆಗೆ ಅವರೇ ಇಂಗ್ಲಿಷ್ ತುಂಡು ಹಿಡಿದು 'ನೈಟರ್' ಅಂತ ರಾತ್ರಿ ಪಂದ್ಯಕ್ಕೆ ಪದ ಮಾಡಿಕೊಂಡರು. ಅಮೆರಿಕಾದವರು ಹಾಗನ್ನಲ್ಲ. ನಾವು 'ಔಟಾದ', 'ಬೌಲ್ ಮಾಡ್ದ' ಅನ್ನಲ್ವಾ? ಔಟ್‌ಗೆ ಕನ್ನಡದ ಪ್ರತ್ಯಯ ಹತ್ತಿದ ದಿನವೇ ಅದು ಕನ್ನಡದ್ದಾಯಿತು.

— ಉಡುಪಿ

* * *

ಪ್ರತ್ಯಯ ಹತ್ತಿದ್ದೆಲ್ಲಾ ಕನ್ನಡವಾದರೆ ನಿಘಂಟು ಏಕೆ ಬೇಕು? ನನಗೆ ಇದು ಪಂಡಿತರ ಆಟವಲ್ಲ. ನನ್ನ ಮೊಮ್ಮಗನಿಗೆ 'ಸರದಿ' ಅಂದರೆ ತಿಳಿಯುವುದಿಲ್ಲ, 'ಟರ್ನ್' ಅನ್ನುತ್ತಾನೆ. ಲಗೋರಿ ಆಡುವಾಗಲೂ ಟರ್ನ್. ಒಂದೊಂದು ಪದ ಹೀಗೆ ಸದ್ದಿಲ್ಲದೆ ಹೋಗುವುದನ್ನು ನೋಡುತ್ತಾ ಕೂರೋಕೆ ನನ್ನಿಂದ ಆಗಲ್ಲ.

ಮುಗಿಯೇಟು ಬೇಡವಾದರೆ ಬೇಡ. 'ಇನಿಂಗ್' ಇರುವ ಕಡೆಯೆಲ್ಲಾ 'ಸರದಿ' ಹಾಕಿ. ಅಷ್ಟು ಮಾಡಿ.

— ಮೈಸೂರು

* * *

ಫೈಲ್ ಈಗಷ್ಟೇ ಕಳಿಸಿದೆ.

'ಸರದಿ' ಹಾಕಿದ್ದೇನೆ ಮೇಷ್ಟ್ರೇ, ಆರೂ ಫಲಕಗಳಲ್ಲಿ. 'ಒಂಬತ್ತನೇ ಸರದಿ' ಓದೋಕೂ ಚೆನ್ನಾಗಿದೆ. ಇಚಿರೊ ಹೊಡೆದದ್ದು 'ಗೆಲ್ಲಿಸಿದ ಹೊಡೆತ', ಮುರಕಾಮಿ ಹೊಡೆದದ್ದು 'ಆಟ ಮುಗಿಸಿದ ಹೊಡೆತ'. ಇದರಲ್ಲಿ ಹೊಸ ಪದ ಏನೂ ಇಲ್ಲ, ಆದರೆ 2006ರ ಸೋಲಿಗೂ ಹೊಂದುತ್ತದೆ. 'ಅಮೆರಿಕಾ ಆಟ ಮುಗಿಸಿದ ಹೊಡೆತಕ್ಕೆ ಜಪಾನ್ ಸೋತಿತು' ಅಂತ ಬರೆದು ಜೋರಾಗಿ ಓದಿ ನೋಡಿದೆ, ಮೊದಲ ಸಲಕ್ಕೆ ತೊಡಕಾಯಿತು, 'ಅಮೆರಿಕಾದ' ಅಂತ ಮಾಡಿದ ಮೇಲೆ ಸರಿಹೋಯಿತು.

ಆರನೇ ಫಲಕದಲ್ಲಿ ಶುಟೊ ಜಾರಿಕೊಂಡು ಮನೆ ಮುಟ್ಟುವ ಚಿತ್ರದ ಕೆಳಗೆ ಎರಡು ಸಾಲಿಗೆ ಜಾಗವಿತ್ತು. ಟೋಕಿಯೊದವರ ಮಾತನ್ನು ಅಲ್ಲಿ ಇಟ್ಟಿದ್ದೇನೆ:

"ಇಂಥ ಹೊಡೆತಕ್ಕೆ ಜಪಾನಿನಲ್ಲಿ 'ಸಯೊನಾರ' ಅನ್ನುತ್ತಾರೆ. ನಾವು ಹೊರಡುವಾಗ 'ಸರಿ ಹಾಗಾದ್ರೆ' ಅನ್ನುತ್ತೇವಲ್ಲ, ಹಾಗೆ."

— ಬೆಂಗಳೂರು