ಸಹಾಯ ಬೇಕು: ಹಳೇ ಬಾಂಬೆ ಹಾಡಿಗೆ ಶ್ರುತಿ ಇಳಿಸಿದ ಕರೋಕೆ, ಜೊತೆಗೆ ಒಂದು ಪ್ರಾಸ

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಾವು ನಾಲ್ಕೈದು ಕನ್ನಡದ ಮನೆಯವರು ಸೇರಿ ಮುಂದಿನ ತಿಂಗಳು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಅದರಲ್ಲಿ ನಾನೂ ನನ್ನ ಹೆಂಡತಿಯೂ 1956ರ 'ಸಿ.ಐ.ಡಿ.' ಚಿತ್ರದ 'ಏ ದಿಲ್ ಹೈ ಮುಷ್ಕಿಲ್' ಹಾಡಬೇಕು. ರಫಿ, ಗೀತಾ ದತ್ ಹಾಡಿದ್ದು, ಓ.ಪಿ. ನಯ್ಯರ್ ಸಂಗೀತ. ಬಾಂಬೆಯಲ್ಲಿ ಬದುಕೋದೇ ಕಷ್ಟ ಅಂತ ಗೋಳು, ಆದರೆ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. (ನಿರ್ಮಾಪಕ ಗುರುದತ್ ಹುಟ್ಟಿದ್ದು ಬೆಂಗಳೂರಲ್ಲಿ, ಹಾಗಾಗಿ ನಮಗೂ ಸ್ವಲ್ಪ ಹಕ್ಕಿದೆ ಅಲ್ವಾ!)

ತೊಂದರೆ ಏನಂದ್ರೆ, ಸಿಕ್ಕಿದ ಕರೋಕೆ ಟ್ರ್ಯಾಕ್ ನನಗೆ ಜಾಸ್ತಿ ಎತ್ತರ. ನಿನ್ನೆ ಚರಣಕ್ಕೆ ಹೋಗುವಷ್ಟರಲ್ಲಿ ಗಂಟಲು ಕೈಕೊಟ್ಟಿತು, ಮೇಲಿನ ಮನೆ ಆಂಟಿ ಬಂದು ಹುಷಾರಿಲ್ವಾ ಅಂತ ಕೇಳಿದರು. ಫೋನಲ್ಲೇ ಶ್ರುತಿ ಎರಡು ಮನೆ (ಕೀಬೋರ್ಡಿನ ಎರಡು ಕೀಯಷ್ಟು) ಇಳಿಸಿ ನೋಡಿದೆ, ಡಬ್ಬ ಬಡಿದ ಹಾಗೆ ಕೇಳುತ್ತದೆ. ಅಷ್ಟು ಇಳಿಸಿದರೆ ಕೊನೆಯಲ್ಲಿ ಹೆಂಡತಿಯ ಭಾಗ ಪಾತಾಳಕ್ಕೆ ಹೋಗುತ್ತದೆ. ಇಬ್ಬರಿಗೂ ಹೊಂದುವ ಟ್ರ್ಯಾಕ್ ಯಾರ ಹತ್ತಿರವಾದರೂ ಇದೆಯಾ? ಇಲ್ಲಾಂದ್ರೆ ಕೀಬೋರ್ಡ್ ನುಡಿಸುವವರು ಸುಮ್ನೆ ಒಂದು ಸಲ ಬಾರಿಸಿ ಕಳಿಸಿದರೂ ಸಾಕು.

ಇನ್ನೊಂದು, ಕನ್ನಡದಲ್ಲಿ ಒಂದು ಚರಣ ಸೇರಿಸುತ್ತಿದ್ದೇವೆ. ಮೂಲದಲ್ಲಿ ಟ್ರಾಮ್, ಮೋಟಾರು, ಮಿಲ್ಲು ಬರುತ್ತವೆ. ಟ್ರಾಮ್ 1964ರಲ್ಲೇ ನಿಂತಿತು, ಎಷ್ಟೋ ಮಿಲ್ಲಿನ ಜಾಗದಲ್ಲಿ ಈಗ ಮಾಲ್. ಅದಕ್ಕೆ ನಾವು ಸ್ಲೋ ಲೋಕಲ್ ಟ್ರೈನು, ಬಾಡಿಗೆ ಮನೆಯ ಡಿಪಾಸಿಟ್ಟು, ಬ್ರೋಕರ್ ಹಾಕಿದ್ದೇವೆ. 'ಬಾಡಿಗೆ'ಗೆ 'ಗಾಡಿಗೆ' ಸಿಕ್ಕಿತು. ಲೋಕಲ್ ಟ್ರೈನಲ್ಲಿ ಮೂವರ ಸೀಟಲ್ಲಿ ನಾಲ್ಕನೆಯವರಾಗಿ ಅರ್ಧ ಕೂತು ಹೋಗುತ್ತೇವಲ್ಲ, ಆ 'ಫೋರ್ತ್ ಸೀಟ್'ಗೆ ಮಾತ್ರ ಪ್ರಾಸ ಹೊಳೆಯುತ್ತಿಲ್ಲ. ಭಾನುವಾರದೊಳಗೆ ಹೇಳಿದರೆ ಒಳ್ಳೆಯದು, ಅವತ್ತೇ ಪ್ರಾಕ್ಟೀಸ್.